ಥೈರಾಯಿಡ್ ರಕ್ತಪರೀಕ್ಷೆ: ಸಮಯ ಮತ್ತು ಉಪವಾಸ

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯಿಡ್ ಗ್ರಂಥಿಯು ಟಿ3, ಟಿ4 ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಈ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಸಾಮಾನ್ಯವಾಗಿ ಥೈರಾಯಿಡ್‌ನ ಕಾರ್ಯ ಕುಗ್ಗಿದಾಗ ಟಿಎಸ್‌ಎಚ್ ಏರುತ್ತದೆ. ಅದು ಅತಿಯಾದಾಗ ಇಳಿಯುತ್ತದೆ. ಆದುದರಿಂದಲೇ ವೈದ್ಯರು ಮೊದಲು ಇದರ ಪ್ರಮಾಣವನ್ನು ಪರಿಶೀಲಿಸುತ್ತಾರೆ.

ಉಪವಾಸ ಕಡ್ಡಾಯವೇ?

ಕೇವಲ ಥೈರಾಯಿಡ್ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಉಪವಾಸದ ಸಕ್ಕರೆ ಪರೀಕ್ಷೆಯೂ ಜೊತೆಗಿದ್ದರೆ ಕನಿಷ್ಠ 8 ಗಂಟೆಗಳ ಕಾಲ ಆಹಾರ ಸೇವಿಸಬಾರದು. ಇದು ಏಕಾದಶಿಯ ನಿರ್ಜಲ ವ್ರತವಲ್ಲ. ನೀರು ಧಾರಾಳವಾಗಿ ಕುಡಿಯಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವಿರಬಾರದು.

ಸಮಯದ ಮಹತ್ವ

ಟಿಎಸ್‌ಎಚ್ ಪ್ರಮಾಣವು ದಿನವಿಡೀ ಒಂದೇ ಸಮನಾಗಿರುವುದಿಲ್ಲ. ನಡುರಾತ್ರಿಯಿಂದ ನಸುಕಿನವರೆಗೆ ಹೆಚ್ಚಾಗಿದ್ದು, ಮಧ್ಯಾಹ್ನದ ವೇಳೆಗೆ ತಗ್ಗುತ್ತದೆ. ಆಹಾರ ಸೇವನೆಯ ಅನಂತರವೂ ಸ್ವಲ್ಪ ಇಳಿಯುತ್ತದೆ. ಹೀಗಾಗಿ ಬೆಳಿಗ್ಗೆ 8 ಗಂಟೆಗೆ ಬರಿಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಮಿತಿಯನ್ನು ತುಸು ಮೀರಿದ ಅಂಕಿ, ಮಧ್ಯಾಹ್ನ ಊಟವಾದ ಮೇಲೆ ಮಿತಿಯೊಳಗೆ ಕಾಣಬಹುದು. ರೋಗ ಗುಣವಾಯಿತೆಂದಾಗಲಿ, ಉಲ್ಬಣಿಸಿತೆಂದಾಗಲಿ ಇದರಿಂದ ಭಾವಿಸಲಾಗದು. ರಾತ್ರಿಪಾಳಿಯಲ್ಲಿ ದುಡಿಯುವವರು ಆ ವಿಷಯವನ್ನು ವೈದ್ಯರಿಗೆ ತಿಳಿಸುವುದು ಒಳಿತು.

ಮಾತ್ರೆ ಸೇವಿಸುವವರಿಗೆ

ಥೈರಾಕ್ಸಿನ್ ಮಾತ್ರೆ ನುಂಗಿದ ಕೆಲವು ಗಂಟೆಗಳ ಕಾಲ ರಕ್ತದಲ್ಲಿ ಟಿ4 ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಪರೀಕ್ಷೆಯ ದಿನ ರಕ್ತ ಕೊಟ್ಟ ಬಳಿಕ ಮಾತ್ರೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ, ತಿಂಡಿ ಸೇವಿಸುವುದು ಲೇಸು. ಪರೀಕ್ಷೆಯ ನೆಪದಲ್ಲಿ ಮಾತ್ರೆಯನ್ನು ಹಲವು ದಿನ ನಿಲ್ಲಿಸುವುದು ಸಲ್ಲದು. ಮಾತ್ರೆಯ ಪ್ರಮಾಣ ಬದಲಾದಾಗ 6ರಿಂದ 8 ವಾರಗಳ ನಂತರವೇ ಟಿಎಸ್‌ಎಚ್ ಹೊಸ ಮಟ್ಟಕ್ಕೆ ನೆಲೆಗೊಳ್ಳುತ್ತದೆ.

ಕೂದಲು, ಉಗುರುಗಳಿಗೆಂದು ಸೇವಿಸುವ ಬಯೋಟಿನ್ ಮಾತ್ರೆಗಳು ಕೆಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ತಪ್ಪು ಅಂಕಿ ತೋರಿಸಬಲ್ಲವು. ಇವನ್ನು ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು. ಪ್ರಮಾಣ ಹೆಚ್ಚಿದ್ದರೆ ಎಷ್ಟು ದಿನವೆಂದು ವೈದ್ಯರನ್ನು ಕೇಳಬೇಕು.

ಹೋಲಿಕೆಗೆ ಒಂದೇ ಅಳತೆಗೋಲು

ಈ ಎಲ್ಲ ನಿಯಮಗಳ ಸಾರ ಒಂದೇ: ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ, ಒಂದೇ ವೇಳೆಯಲ್ಲಿ, ಒಂದೇ ಸ್ಥಿತಿಯಲ್ಲಿ ರಕ್ತ ಕೊಡಬೇಕು. ಬೆಳಗಿನ ಬರಿಹೊಟ್ಟೆಯ ಪದ್ಧತಿ ಇದಕ್ಕೆ ಅನುಕೂಲಕರ. ಲೋಕಲ್ ರೈಲು ಹಿಡಿಯುವ ಧಾವಂತದಲ್ಲಿ ಒಮ್ಮೆ ಮುಂಜಾನೆ, ಇನ್ನೊಮ್ಮೆ ಸಂಜೆ ಪರೀಕ್ಷಿಸಿಕೊಂಡರೆ ಆ ಎರಡು ವರದಿಗಳನ್ನು ಹೋಲಿಸುವುದು ಕಷ್ಟ. ಅಂಥ ಹೋಲಿಕೆಯಿಂದ ಮಾತ್ರೆಯ ಪ್ರಮಾಣ ಅನಗತ್ಯವಾಗಿ ಏರಿದರೆ, ವಿಶೇಷವಾಗಿ ಹಿರಿಯರಲ್ಲಿ, ಹೃದಯದ ಬಡಿತದ ಲಯ ತಪ್ಪುವ ಮತ್ತು ಮೂಳೆ ಸವೆಯುವ ಅಪಾಯವುಂಟು.

ಆದರೆ ಗರ್ಭಿಣಿಯರಿಗೆ ವೈದ್ಯರು ಪರೀಕ್ಷೆ ಸೂಚಿಸಿದಾಗ ಸೂಕ್ತ ಮುಂಜಾನೆಗಾಗಿ ಕಾಯುತ್ತ ದಿನಗಳನ್ನು ಕಳೆಯಬಾರದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯಿಡ್ ಹಾರ್ಮೋನೇ ಆಧಾರ. ರಕ್ತ ಕೊಟ್ಟ ಗಂಟೆ, ಆಹಾರ ಮತ್ತು ಮಾತ್ರೆ ಸೇವಿಸಿದ ಸಮಯವನ್ನು ವರದಿಯ ಮೇಲೆಯೇ ಬರೆದಿಟ್ಟರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ನೆರವಾಗುತ್ತದೆ.