ನಗರದ ಹಕ್ಕಿಗಳ ರಕ್ತದಲ್ಲಿ ಸೀಸ

ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಒಮ್ಮೆ ಪರಿಸರವನ್ನು ಸೇರಿದರೆ ಕೊಳೆತು ಇಲ್ಲವಾಗುವುದಿಲ್ಲ. ಮಣ್ಣು, ಧೂಳು ಹಾಗೂ ನೀರಿನ ಮೂಲಕ ಅವು ಜೀವಿಗಳ ದೇಹವನ್ನು ಪ್ರವೇಶಿಸುತ್ತವೆ. ನಗರಗಳಲ್ಲಿ ಈ ವಿಷಕ್ಕೆ ಸುಲಭವಾಗಿ ತುತ್ತಾಗುವ ಜೀವಿಗಳಲ್ಲಿ ಪಾರಿವಾಳ, ಗುಬ್ಬಚ್ಚಿಗಳಂತೆ ನೆಲದ ಮೇಲೆ ಆಹಾರ ಹೆಕ್ಕುವ ಹಕ್ಕಿಗಳೂ ಸೇರಿವೆ. ಅವುಗಳ ರಕ್ತದಲ್ಲಿ ಕಂಡುಬರುವ ಸೀಸವು ಅದೇ ಬೀದಿಯಲ್ಲಿ ಆಡುವ ಮಕ್ಕಳ ಪಾಲಿಗೂ ಎಚ್ಚರಿಕೆಯಾಗಿದೆ.

ದೇಹ ಸೇರುವ ಬಗೆ

ಹಲ್ಲಿಲ್ಲದ ಹಕ್ಕಿಗಳಲ್ಲಿ ಅನೇಕವು ಕಾಳು ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುತ್ತವೆ. ಅವುಗಳೊಡನೆ ಹಳೆಯ ಬಣ್ಣದ ಚಕ್ಕೆ, ಸೀಸದ ಚೂರುಗಳೂ ಹೊಟ್ಟೆ ಸೇರುವುದುಂಟು. ಅಲ್ಲಿ ಅವು ಸವೆದು, ಆಮ್ಲದಲ್ಲಿ ಕರಗಿ ರಕ್ತಕ್ಕೆ ಇಳಿಯುತ್ತವೆ. ಸೀಸವನ್ನು ದೇಹವು ಕ್ಯಾಲ್ಸಿಯಂನಂತೆಯೇ ಸ್ವೀಕರಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಮೊಟ್ಟೆಯ ಚಿಪ್ಪಿಗಾಗಿ ಹೆಚ್ಚು ಕ್ಯಾಲ್ಸಿಯಂ ಹೀರಿಕೊಳ್ಳುವ ಹೆಣ್ಣು ಹಕ್ಕಿಗೆ ಆದ್ದರಿಂದಲೇ ಅಪಾಯ ಅಧಿಕ.

ಪರಿಣಾಮಗಳು

ಸೀಸವು ಹಿಮೋಗ್ಲೋಬಿನ್ ತಯಾರಿಕೆಗೆ ಅಡ್ಡಿಯಾಗುವುದರಿಂದ ರಕ್ತಹೀನತೆ ಉಂಟಾಗುತ್ತದೆ. ನರಗಳು ದುರ್ಬಲಗೊಂಡು ರೆಕ್ಕೆಗಳು ಜೋತುಬೀಳುತ್ತವೆ. ಹಿಕ್ಕೆ ಹಸಿರಾಗುತ್ತದೆ, ಹಕ್ಕಿ ತಿಂದ ಆಹಾರ ಮುಂದೆ ಸಾಗದೆ ಸೊರಗುತ್ತದೆ. ಕ್ಯಾಡ್ಮಿಯಂ ಮುಖ್ಯವಾಗಿ ಮೂತ್ರಪಿಂಡಕ್ಕೂ, ಪಾದರಸ ನರಮಂಡಲಕ್ಕೂ ಹಾನಿ ಮಾಡುತ್ತದೆ.

ಎಸ್ಪರೆನ್ಸ್‌ನ ಪಾಠ

ಪಶ್ಚಿಮ ಆಸ್ಟ್ರೇಲಿಯಾದ ಬಂದರು ಪಟ್ಟಣವಾದ ಎಸ್ಪರೆನ್ಸ್‌ನಲ್ಲಿ 2006ರ ಡಿಸೆಂಬರ್‌ನಲ್ಲಿ ಹಕ್ಕಿಗಳು ಸಾಯತೊಡಗಿದವು. ಸತ್ತವುಗಳ ಸಂಖ್ಯೆ ಸಾವಿರಾರು. ಬಂದರಿನಿಂದ ರಫ್ತಾಗುತ್ತಿದ್ದ ಸೀಸದ ಕಾರ್ಬೊನೇಟ್‌ನ ಧೂಳೇ ಕಾರಣವೆಂಬುದು ತನಿಖೆಯಿಂದ ತಿಳಿದುಬಂತು. 2007ರ ಮಾರ್ಚ್‌ನಲ್ಲಿ ಸಾಗಣೆ ನಿಂತಿತು. ಆ ವೇಳೆಗೆ ಮನೆಗಳ ಮಳೆನೀರಿನ ತೊಟ್ಟಿಗಳಿಗೂ ಸೀಸ ಬೆರೆತಿತ್ತು. ಕೆಲವು ಮಕ್ಕಳ ರಕ್ತದಲ್ಲೂ ಅದರ ಪ್ರಮಾಣ ಏರಿತ್ತು. ಹಕ್ಕಿಗಳು ಸಾಯದೇ ಇದ್ದಿದ್ದರೆ ಜನರಿಗೆ ಈ ವಿಷಯ ಅಷ್ಟು ಬೇಗ ತಿಳಿಯುತ್ತಿರಲಿಲ್ಲ.

ಪಾರಿವಾಳ ಮತ್ತು ಮಕ್ಕಳು

ಎಸ್ಪರೆನ್ಸ್‌ನಲ್ಲಿ ಆಕಸ್ಮಿಕವಾಗಿ ಗೋಚರಿಸಿದ ಈ ನಂಟನ್ನು ಅಮೆರಿಕದ ವಿಜ್ಞಾನಿಗಳು ಅಳೆದು ತೋರಿಸಿದರು. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫೇಮ್ ಕಾಯ್ ಹಾಗೂ ರೆಬೆಕಾ ಕಲೀಸಿ, ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ 2010ರಿಂದ 2015ರವರೆಗೆ ಚಿಕಿತ್ಸೆಗೆ ಬಂದ 825 ಪಾರಿವಾಳಗಳ ರಕ್ತದ ಮಾಹಿತಿಯನ್ನು ಪರಿಶೀಲಿಸಿದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದ ಬಡಾವಣೆಗಳಲ್ಲೇ ಪಾರಿವಾಳಗಳ ರಕ್ತದಲ್ಲೂ ಅದು ಹೆಚ್ಚಿತ್ತು. ಪಾರಿವಾಳಗಳು ಸಾಮಾನ್ಯವಾಗಿ ತಮ್ಮ ನೆಲೆಯಿಂದ ಬಹು ದೂರ ಹೋಗುವುದಿಲ್ಲ. ಮನುಷ್ಯರು ಉಸಿರಾಡುವ ಗಾಳಿ, ತುಳಿಯುವ ಧೂಳು ಅವಕ್ಕೂ ಪಾಲು.

ನಿಯಂತ್ರಣ

ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ 2000ದಲ್ಲಿ ಕೊನೆಗೊಂಡಿತು. ವಾಹನಗಳಿಗೆ ಅದನ್ನು ಬಳಸುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಭಾರತದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಹಿಂದೆ ಮಣ್ಣಿಗೆ ಬಿದ್ದ ಸೀಸ, ಹಳೆಯ ಗೋಡೆಗಳ ಬಣ್ಣ ಹಾಗೂ ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲೇ ಕರಗಿಸುವ ದಂಧೆ ಇಂದಿಗೂ ಅಪಾಯಕಾರಿ.

ಹಕ್ಕಿಯ ಗರಿ ಬೆಳೆಯುವಾಗ ರಕ್ತದಲ್ಲಿರುವ ಲೋಹ ಅದರಲ್ಲೂ ಸೇರುತ್ತದೆ. ಹೀಗಾಗಿ ಹಕ್ಕಿಗೆ ಹಾನಿ ಮಾಡದೆ ಗರಿಯಿಂದಲೇ ಪರೀಕ್ಷೆ ನಡೆಸಬಹುದು. ಒಂದು ಬಡಾವಣೆಯ ಹಕ್ಕಿಗಳು ಕಾರಣವಿಲ್ಲದೆ ಸೊರಗಿದರೆ, ಪರೀಕ್ಷಿಸಬೇಕಾದ್ದು ಹಕ್ಕಿಗಳನ್ನಷ್ಟೇ ಅಲ್ಲ, ಅಲ್ಲಿನ ಮಣ್ಣನ್ನೂ ಮಕ್ಕಳ ರಕ್ತವನ್ನೂ ಕೂಡ.