ಕಸುಬಿನ ಶಿಕ್ಷಣದ ಹಾದಿ ಮತ್ತು ನಮ್ಮ ಮಕ್ಕಳು



ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು, “ಮಗನಿಗೆ ಅಂಕ ಕಡಿಮೆ ಬಂದಿದೆ ಸಾರ್, ಐಟಿಐಗಾದರೂ ಸೇರಿಸೋಣವೇ?” ಎಂದು ಕೇಳುವುದುಂಟು. ಈ ‘ಆದರೂ’ ಎಂಬ ಪುಟ್ಟ ಪದದ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ.

1854ರ ವುಡ್ ವರದಿಯು ಜನಜೀವನಕ್ಕೆ ಉಪಯುಕ್ತವಾದ ವಿದ್ಯೆಯ ಮಾತನ್ನಾಡಿತು. 1882ರ ಹಂಟರ್ ಆಯೋಗವು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಎರಡು ಕವಲುಗಳಿರಲಿ ಎಂದು ಸೂಚಿಸಿತು: ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ವ್ಯಾಪಾರ ಮತ್ತು ಕಸುಬುಗಳಿಗೆ. ಎರಡನೆಯ ಕವಲನ್ನು ಹಿಡಿದವರು ವಿರಳ. ಸರಕಾರಿ ಹುದ್ದೆಯ ಬಾಗಿಲು ಮೊದಲನೆಯದರ ತುದಿಯಲ್ಲಿತ್ತು. ಮೇಲಾಗಿ, ಕಮ್ಮಾರಿಕೆ, ಬಡಗಿತನ, ನೇಯ್ಗೆಗಳು ಜಾತಿಯೊಡನೆ ಬೆಸೆದುಕೊಂಡಿದ್ದ ಸಮಾಜದಲ್ಲಿ ಅನೇಕರಿಗೆ ಶಾಲೆಯೆಂದರೆ ಕುಲಕಸುಬಿನಿಂದ ಬಿಡುಗಡೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಗೆಲಸದ ಮೂಲಕವೇ ಎಲ್ಲ ಮಕ್ಕಳಿಗೂ ಶಿಕ್ಷಣವಾಗಲಿ ಎಂದಾಗಲೂ ಈ ಅಳುಕು ಕರಗಲಿಲ್ಲ. ಅದನ್ನು ಕೇವಲ ಸೋಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಮ್ಮ ಮೈಸೂರು ಸಂಸ್ಥಾನ ಈ ದಿಕ್ಕಿನಲ್ಲಿ ಮುಂದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಸಂದ ಸಂಭಾವನೆಯನ್ನು ವೃತ್ತಿಶಿಕ್ಷಣ ಸಂಸ್ಥೆಯೊಂದಕ್ಕೆ ಮೀಸಲಿಟ್ಟರು. ಅದಕ್ಕೆ ತಮ್ಮ ಹೆಸರಲ್ಲ, ಮಹಾರಾಜರ ಹೆಸರಿರಲಿ ಎಂದರು. ಅದೇ ಇಂದಿನ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

ಸ್ವಾತಂತ್ರ್ಯಾನಂತರ, 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಗಿ ಐಟಿಐಗಳು ಹುಟ್ಟಿದವು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯೊಳಗಿನ ಕಲಿಕೆಗೆ ಕಾನೂನಿನ ಆಸರೆ ನೀಡಿತು. ಎಚ್‌ಎಎಲ್ (1940), ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (1948), ಎಚ್‌ಎಂಟಿ (1953), ಬಿಇಎಲ್ (1954) ಬೆಂಗಳೂರಿನಲ್ಲಿದ್ದುದರಿಂದ ಹಳ್ಳಿಯ ಹುಡುಗರಿಗೂ ಆ ಕನಸು ಎಟುಕುವಂತಿತ್ತು.

ಆ ಕಲಿಕೆ ಹೇಗಿತ್ತು? ನನ್ನ ವಿದ್ಯಾರ್ಥಿಗಳ ಬಾಯಿಂದ ಕೇಳಿದ್ದೇನೆ. ಫಿಟ್ಟರ್ ವಿಭಾಗಕ್ಕೆ ಸೇರಿದವನಿಗೆ ಮೊದಲು ದೊರೆಯುವುದು ಒಂದು ಕಬ್ಬಿಣದ ತುಂಡು, ಒಂದು ಅರ. ತುಂಡನ್ನು ವೈಸಿನಲ್ಲಿ ಬಿಗಿದು ದಿನಗಟ್ಟಲೆ ಉಜ್ಜಬೇಕು. ಮೂಲೆಮಟ್ಟ ಹಿಡಿದಾಗ ನಡುವೆ ಬೆಳಕು ನುಸುಳಬಾರದು. ಅಂಗೈಯಲ್ಲಿ ಬೊಬ್ಬೆಗಳೆದ್ದು, ಒಡೆದು, ಗಟ್ಟಿಯಾದ ಮೇಲೆ ಕೈಗೆ ಅಳತೆ ಒಲಿಯುತ್ತದೆ. ತರಗತಿಯಲ್ಲಿ ರೇಖಾಗಣಿತಕ್ಕೆ ಬೆದರುತ್ತಿದ್ದ ಹುಡುಗನೊಬ್ಬ, ಲಂಬಕೋನವೆಂದರೇನೆಂದು ತನಗೆ ಅಲ್ಲಿಯೇ ಅರ್ಥವಾಯಿತೆಂದು ಹೇಳಿದ. ಆದರೆ ಊರಿಗೆ ಬಂದಾಗ, ಕಾಲೇಜಿಗೆ ಹೋಗುವ ಗೆಳೆಯರೆದುರು ಆ ಕೈಗಳನ್ನು ಜೇಬಿನಲ್ಲಿ ಅಡಗಿಸಿಕೊಳ್ಳುತ್ತಿದ್ದನಂತೆ. ಬುದ್ಧಿ ಅರಳಿದ್ದೂ ಮನಸ್ಸು ಮುದುಡಿದ್ದೂ ಒಂದೇ ವಿದ್ಯೆಯಿಂದ!

1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ರಾಜ್ಯದ ಪದವಿಪೂರ್ವ ಹಂತಕ್ಕೂ ವೃತ್ತಿಶಿಕ್ಷಣ ಬಂದಿತು. ನಿಮ್ಮಲ್ಲಿ ಕೆಲವರು ಓದಿದ ‘ಜೆಒಸಿ’ ಅದೇ. ರೇಷ್ಮೆ ಕೃಷಿ, ಗಡಿಯಾರ ದುರಸ್ತಿಯಂತಹ ವಿಷಯಗಳು ಅದರಲ್ಲಿದ್ದವು. ಆದರೆ ಆ ಪ್ರಮಾಣಪತ್ರವು ಪಿಯುಸಿಗೆ ಸಮಾನವೇ ಎಂಬ ಪ್ರಶ್ನೆ ಉದ್ಯೋಗದ ಅರ್ಜಿಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿ, ನ್ಯಾಯಾಲಯದವರೆಗೂ ಹೋಯಿತು. ಎರಡು ವರ್ಷ ಶ್ರದ್ಧೆಯಿಂದ ಕಲಿತವರಿಗೆ ‘ಇದು ಯಾವುದಕ್ಕೆ ಸಮ?’ ಎಂದು ಕೇಳಿಸಿಕೊಳ್ಳುವುದಕ್ಕಿಂತ ಮಿಗಿಲಾದ ನೋವುಂಟೇ? 2011ರ ಸುಮಾರಿಗೆ ಆ ಕೋರ್ಸುಗಳು ನಿಂತುಹೋದವು.

ಗುರಿಗಳಿಗೆ ಮಾತ್ರ ಕೊರತೆಯಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು 1995ರ ವೇಳೆಗೆ ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇ. 25ರಷ್ಟು ಮಂದಿ ವೃತ್ತಿಶಿಕ್ಷಣ ಪಡೆಯಬೇಕೆಂದಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ (2012–17) ಅಂದಾಜಿನಂತೆ, 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕಿಂತ ಕಡಿಮೆ. ಜರ್ಮನಿಯಲ್ಲಿ ಈ ಪ್ರಮಾಣ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಈ ಅಂಕಿಗಳನ್ನು 2020ರ ಶಿಕ್ಷಣ ನೀತಿಯೇ ಉಲ್ಲೇಖಿಸಿದೆ. ಕಟ್ಟಡ, ಯಂತ್ರಗಳಿಂದಷ್ಟೇ ಈ ಅಂತರ ತುಂಬಲಾರದು. ಮುಂದಕ್ಕೆ ದಾರಿಯಿಲ್ಲದ ವಿದ್ಯೆಯನ್ನು ಯಾವ ತಾಯಿತಂದೆಯೂ ಮನಸಾರೆ ಆರಿಸುವುದಿಲ್ಲ.

ಆ ದಾರಿ ಈಗ ಸ್ವಲ್ಪಮಟ್ಟಿಗೆ ತೆರೆದಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವಿದೆ. ಆದ್ದರಿಂದ ಮಕ್ಕಳನ್ನು ಸೇರಿಸುವ ಮುನ್ನ ಅಂಕಪಟ್ಟಿಯನ್ನಷ್ಟೇ ನೋಡದೆ, ಅವರ ಕೈಗೆ ಯಾವ ಕೆಲಸ ಪ್ರಿಯವೆಂದು ಕೇಳಿರಿ. ಆ ಸಂಸ್ಥೆಯ ಕಾರ್ಯಾಗಾರವನ್ನು ಕಣ್ಣಾರೆ ಕಂಡುಬನ್ನಿರಿ. ಅಲ್ಲಿಂದ ಮುಂದೆ ಓದುವ ಹಾದಿಯನ್ನು ವಿಚಾರಿಸಿರಿ.

ಐಟಿಐ, ಜೆಒಸಿಗಳಲ್ಲಿ ಕಲಿತು ಬಾಳು ಕಟ್ಟಿಕೊಂಡ ನನ್ನ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ. ವರದಿಗಳು ಹೇಳದ ಇತಿಹಾಸ ನಿಮ್ಮಲ್ಲಿದೆ.