ಕೊಳವೆಯ ತಗ್ಗಿನಲ್ಲಿ ನಿಲ್ಲುವ ನೀರು

ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆ ನೇಯ್ದುಕೊಟ್ಟ ಊರೆಂದು ಧಾರವಾಡ ತಾಲ್ಲೂಕಿನ ಗರಗ ನಾಡಿಗೆಲ್ಲ ಪರಿಚಿತ. ಚರಕವನ್ನು ಪೋಷಿಸಿದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೇ ಹಳ್ಳಿಗಳ ಅಡುಗೆಮನೆಗೆ ಗೋಬರ್ ಗ್ಯಾಸನ್ನೂ ತಂದಿತೆಂಬುದು ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ಕಬ್ಬಿಣದ ಡ್ರಮ್ಮು ತೇಲುವ ಸ್ಥಾವರವನ್ನು ಆಯೋಗ ಕೈಗೆತ್ತಿಕೊಂಡದ್ದು 1960ರ ದಶಕದ ಆರಂಭದಲ್ಲಿ. ಕೇಂದ್ರ ಸರಕಾರದ ರಾಷ್ಟ್ರೀಯ ಯೋಜನೆ ಬಂದದ್ದು 1981-82ರಲ್ಲಿ. ಸ್ಥಾವರದ ಗಾತ್ರ, ಸಬ್ಸಿಡಿಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಒಲೆಗೆ ಹೋಗುವ ಕೊಳವೆಯ ಬಗ್ಗೆ ಮಾತಾಡಿದವರು ಕಡಿಮೆ.

ಸೆಗಣಿ ಗುಂಡಿಯಿಂದ ಏಳುವ ಅನಿಲ ಒಣಗಿದ್ದಲ್ಲ, ನೀರಿನ ಆವಿಯಿಂದ ತುಂಬಿದ್ದು. 35 ಡಿಗ್ರಿ ಉಷ್ಣತೆಯಲ್ಲಿ ಒಂದು ಘನ ಮೀಟರ್ ಅನಿಲ ಸುಮಾರು 40 ಗ್ರಾಂ ನೀರನ್ನು ಹೊರಬಲ್ಲದು. 20 ಡಿಗ್ರಿಗೆ ಇಳಿದರೆ 17 ಗ್ರಾಂ ಮಾತ್ರ. ಉಳಿದದ್ದು ಕೊಳವೆಯೊಳಗೇ ಹನಿಯಾಗುತ್ತದೆ. ದಿನಕ್ಕೆ ಎರಡು ಘನ ಮೀಟರ್ ಅನಿಲ ಉರಿಸುವ ಮನೆಯಲ್ಲಿ, ಚಳಿಗಾಲದ ಒಂದು ವಾರಕ್ಕೆ ಹೀಗೆ ಒಂದು ದೊಡ್ಡ ಲೋಟ ನೀರು ಸೇರಬಹುದು. ಕೊಳವೆ ಎಲ್ಲಿ ಜೋತಿದೆಯೋ ಅಲ್ಲಿ ಅದು ನಿಂತು ದಾರಿ ಕಟ್ಟುತ್ತದೆ. ರೊಟ್ಟಿ ಬಡಿಯುವ ಹೊತ್ತಿಗೆ ಒಲೆ ಗುಳುಗುಳು ಎಂದು ಉರಿ ಕುಣಿಸಿ ಆರಿಹೋಗುತ್ತದೆ. ಆರಿದ ಒಲೆಯಿಂದ ಅನಿಲ ಮತ್ತೆ ಹೊರಬಂದರೆ ಅಪಾಯ. ಹಾಗಾಗದಿದ್ದರೂ ಮನೆಯಾಕೆ ಬೇಸತ್ತು ಕಟ್ಟಿಗೆಯ ಒಲೆಗೇ ಮರಳುತ್ತಾಳೆ. ದೂಷಣೆ ಬರುವುದು ಸ್ಥಾವರಕ್ಕೆ!

ಪರಿಹಾರ ಹಳೆಯದು, ಸರಳವಾದದ್ದು. ಕೊಳವೆಯನ್ನು ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರಾಗಿ ಹಾಕಿ, ಅತಿ ತಗ್ಗಿನ ಜಾಗದಲ್ಲಿ ‘ಟೀ’ ಜೋಡಿಸಿ, ಕೆಳಗೊಂದು ನಲ್ಲಿ ಇಡುವುದು. ಇದೇ ‘ಡ್ರಿಪ್’. ಆಗಾಗ ನೀರು ಬಸಿದು ನಲ್ಲಿಯನ್ನು ಮತ್ತೆ ಭದ್ರವಾಗಿ ಮುಚ್ಚಬೇಕು, ಅಷ್ಟೆ. ಆದರೆ ಧಾರವಾಡ ಸೀಮೆಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದ್ದು. ಅದರಲ್ಲಿ ಹೂತ ಕೊಳವೆ ಇಳಿಜಾರು ಕಳೆದುಕೊಂಡು ಹೊಸ ತಗ್ಗುಗಳನ್ನು ಮಾಡಿಕೊಳ್ಳುತ್ತದೆ.

ಈ ಪಾಠ ಮೊದಲು ಕಲಿತವರು ಕಲ್ಲಿದ್ದಲ ಅನಿಲದ ಕಂಪನಿಗಳು. ವಿಲಿಯಂ ಮರ್ಡಾಕ್ 1792ರಲ್ಲಿ ಇಂಗ್ಲೆಂಡಿನ ರೆಡ್‌ರುತ್‌ನ ತನ್ನ ಮನೆಯಲ್ಲಿ ಈ ಅನಿಲದ ದೀಪ ಹಚ್ಚಿದ. 1813ರ ಕೊನೆಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಬೆಳಗಿತು. 1857ರಲ್ಲಿ ಕಲ್ಕತ್ತೆಯ ಬೀದಿಗಳಿಗೂ ಬಂತು. ಆ ಅನಿಲದಲ್ಲಿ ನೀರಿನ ಜತೆಗೆ ಟಾರೂ ಇರುತ್ತಿತ್ತು. ಬೀದಿಯಡಿಯ ತಗ್ಗುಗಳಲ್ಲಿ ಕಬ್ಬಿಣದ ಮಡಕೆಗಳನ್ನು ಹೂತು, ಕೂಡಿದ ರಾಡಿಯನ್ನು ಕೈಪಂಪಿನಿಂದ ಎಳೆದು ಹಾಕುವುದೇ ಕೆಲವರ ನೌಕರಿಯಾಗಿತ್ತು.

ನೀರಿನ ಮಾತು ಇದಾದರೆ, ಕಸದ್ದು ಬೇರೆ. ಕೊಳವೆಯ ತುಕ್ಕು, ಚೂರು, ಧೂಳು ಒಲೆಯ ಸಣ್ಣ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ‘ಸೆಡಿಮೆಂಟ್ ಟ್ರ್ಯಾಪ್’. ಅನಿಲ ಮೇಲಿನಿಂದ ಇಳಿದು ಥಟ್ಟನೆ ಪಕ್ಕಕ್ಕೆ ತಿರುಗುತ್ತದೆ. ಭಾರದ ಕಸ ತಿರುಗಲಾರದೆ ನೇರ ಕೆಳಗಿನ ಮುಚ್ಚಿದ ತುಂಡಿಗೆ ಬೀಳುತ್ತದೆ. ಅಮೆರಿಕದ ನಿಯಮದಂತೆ ಆ ತುಂಡು ಕನಿಷ್ಠ ಮೂರು ಅಂಗುಲ ಇರಬೇಕು. ಡ್ರಿಪ್ಪಿಗೂ ಇದಕ್ಕೂ ನೋಡಲು ಹೆಚ್ಚು ವ್ಯತ್ಯಾಸವಿಲ್ಲವಾದ್ದರಿಂದ ಅನುಭವಿ ಪ್ಲಂಬರುಗಳೂ ಎರಡನ್ನೂ ಒಂದೆಂದೇ ತಿಳಿಯುವುದುಂಟು.

ದಾಭೋಳ–ಬೆಂಗಳೂರು ಕೊಳವೆಮಾರ್ಗ 2013ರಲ್ಲಿ ಧಾರವಾಡ ಜಿಲ್ಲೆಯ ಮೂಲಕ ಹಾದುಹೋಯಿತು. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಬರುತ್ತಿರುವ ನೈಸರ್ಗಿಕ ಅನಿಲವನ್ನು ಮೊದಲೇ ಒಣಗಿಸಿರುವುದರಿಂದ ಅಲ್ಲಿ ನೀರಿನ ಕಾಟವಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಸೆಗಣಿ ಗುಂಡಿ ಇಟ್ಟುಕೊಂಡವರು ಮಾತ್ರ ಚಳಿಗಾಲದಲ್ಲಿ ಆ ನಲ್ಲಿ ತಿರುಗಿಸಲೇಬೇಕು.